ಕ್ಯಾಂಟನೀಸ್‌ನ 'ವಾ', ನಮ್ಮ 'ಅನ್ನಿಸಿಕೊಳ್ಳು'

ಎಲ್ಲರಿಗೂ ನಮಸ್ಕಾರ.

ಹಾಂಗ್‌ಕಾಂಗಿಗೆ ಬಂದು ಮೂರು ವರ್ಷ ಆಯಿತು. ಇಲ್ಲಿನವರು ಆಡುವ ಚೀನೀ ನುಡಿ ಕ್ಯಾಂಟನೀಸ್. ನನ್ನ ಕ್ಯಾಂಟನೀಸ್ ಇನ್ನೂ ತೊದಲು ನುಡಿ. ಹೋದ ಭಾನುವಾರ ಗೆಳೆಯನ ಮನೆಯವರು ಡಿಮ್ ಸಮ್ (ಪುಟ್ಟ ಬುಟ್ಟಿ, ತಟ್ಟೆಗಳಲ್ಲಿ ಬರುವ ಸಣ್ಣ ತಿಂಡಿಗಳು) ತಿನ್ನಲು ಕರೆದುಕೊಂಡು ಹೋಗಿದ್ದರು. ದುಂಡು ಮೇಜು. ಆಚೆ ತುದಿಯ ಬಿದಿರು ಬುಟ್ಟಿಗೆ ನಾನು ಎದ್ದು ನಿಂತು ಊಟದ ಕಡ್ಡಿ ಚಾಚಿದೆ. ಅವನ ಅಜ್ಜಿ ನಕ್ಕು, "ಫೇ ಜೋಂಗ್ ಗ್ವೋ ಹೋ" ಅಂದರು. ಆನೆ ಹಾರಿ ಹೊಳೆ ದಾಟಿತು! ಅವರ ಚದುರಂಗದ ಮಣೆಯ ನಡುವೆ ಒಂದು ಹೊಳೆ ಇರುತ್ತದೆ, ಆನೆ ಅದನ್ನು ದಾಟುವಂತಿಲ್ಲ. ದೂರದ ತಟ್ಟೆಗೆ ಕೈ ಚಾಚುವವರಿಗೆ ಈ ಮಾತು.

ಆಮೇಲೆ ಗೆಳೆಯ ಮೆಲ್ಲಗೆ ಹೇಳಿದ, ಹಾಗೆ ಮಾಡಿದರೆ "ಬೇ ಯನ್ ವಾ". ನನ್ನ ಪ್ರಶ್ನೆ ಹುಟ್ಟಿದ್ದೇ ಇಲ್ಲಿ. 'ವಾ' ಅಂದರೆ ಹೇಳು, ಅನ್ನು. 'ಯನ್' ಅಂದರೆ ಜನ. 'ಬೇ' ಅಂದರೆ ಕೊಡು, ಆದರೆ ಇಲ್ಲಿ ಅದು ನಮ್ಮ 'ಕೈಲಿ' ಮಾಡುವ ಕೆಲಸ ಮಾಡುತ್ತದೆ. ಒಟ್ಟಿನಲ್ಲಿ, ಜನರ ಕೈಲಿ ಅನ್ನಿಸಿಕೊಳ್ಳುವುದು. ಬೈಗುಳದ ಪದ ಒಂದೂ ಇಲ್ಲ, ಆದರೂ ಬೈಸಿಕೊಂಡ ಹಾಗೆ. "ಅತ್ತೆ ಕೈಲಿ ಅನ್ನಿಸಿಕೊಂಡೆ", "ಮಗೂಗೆ ಏನೂ ಅನ್ನಬೇಡಿ" ಅಂತ ನಾವೂ ಅನ್ನುತ್ತೇವೆ, ಅಲ್ವಾ?

ಒಂದು ವ್ಯತ್ಯಾಸ ಇದೆ. ಅಂದವರು ಯಾರು ಅಂತ ನಾವು ಹೇಳದೆ ಬಿಡಬಹುದು. ಸುಮ್ನೆ "ಅನ್ನಿಸಿಕೊಂಡೆ" ಸಾಕು. ಅವರಲ್ಲಿ 'ಬೇ' ಬಂದರೆ ಹಿಂದೆಯೇ ಯಾರಾದರೂ ಬರಲೇಬೇಕು. ಯಾರೂ ಇಲ್ಲದಿದ್ದರೆ 'ಯನ್' ಆದರೂ ಬೇಕು. ನಮ್ಮ 'ನಾಲ್ಕು ಜನ' ಅಲ್ಲಿ ವ್ಯಾಕರಣದೊಳಗೇ ಕೂತಿದ್ದಾರೆ ಅನ್ನಿಸಿತು.

'ಸತ್ ಲೈ' ಅಂತ ಇನ್ನೊಂದಿದೆ. ಮರ್ಯಾದೆ ತೆಗೆಯುವುದು. "ನನ್ನ ಸತ್ ಲೈ ಮಾಡಬೇಡ" ಅಂತ ಅಮ್ಮಂದಿರು ಮಕ್ಕಳಿಗೆ ಹೇಳುತ್ತಾರೆ. ಇದಕ್ಕೆ ಕನ್ನಡ ಹುಡುಕಬೇಕಾಗಿಲ್ಲ.

ಈಗ ಕೇಳಬೇಕಾದ್ದು. ನಾನು ಮೈಸೂರು ಕಡೆಯವನು. 'ಒಳ್ಳೆಯವನು ಅನ್ನಿಸಿಕೊಂಡ' ಅಂದರೆ ಹೊಗಳಿಕೆ, ಬರೀ 'ಅನ್ನಿಸಿಕೊಂಡ' ಅಂದರೆ ಬೈಗುಳ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯೂ ಹೀಗೇನಾ? ಇನ್ನೊಂದು, ಊಟದಲ್ಲಿ ಕೈ ಚಾಚುವವರನ್ನು ಹಂಗಿಸಲು ನಮ್ಮಲ್ಲಿ ಮಾತಿದೆಯಾ? ನನಗೆ ಹೊಳೆದದ್ದೆಲ್ಲ ಪಂಕ್ತಿಯಿಂದ ಮೊದಲೇ ಏಳುವವರ ಬಗ್ಗೆ. ಎಲೆಗೆ ಬಡಿಸುವವರು ಇದ್ದಾಗ ಚಾಚುವ ಪ್ರಮೇಯವೇ ಬರಲಿಲ್ಲವೋ ಏನೋ. ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ.