ಪರ್ಡ್ಯೂ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಸೀಸನ್ ಟಿಕೆಟ್: ಮೂರು ಮ್ಯಾಚ್ ನೋಡಿ ಮುಂದಿನ ವರ್ಷಕ್ಕೂ ದುಡ್ಡು ಹಾಕಬಹುದಾ? ಅನುಭವ ಇದ್ದವರು ಹೇಳಿ

ಡ್ರಮ್ಮು_ತುಮಕೂರು (ಸೆಪ್ಟೆಂಬರ್ 15, 2025)

ನಮಸ್ಕಾರ. ನಾನಿರುವುದು ಇಂಡಿಯಾನಾಪೊಲಿಸ್ ಪಕ್ಕದ ಫಿಶರ್ಸ್‌ನಲ್ಲಿ. ಎಂಎಸ್ ಓದಿದ್ದು ಪರ್ಡ್ಯೂನಲ್ಲಿ. ಈ ವರ್ಷ ಹೆಂಡತಿಯನ್ನು ಹೇಗೋ ಒಪ್ಪಿಸಿ ರಾಸ್-ಏಡ್ ಸ್ಟೇಡಿಯಂನಲ್ಲಿ ನಾಲ್ಕು ಸೀಸನ್ ಟಿಕೆಟ್ ತಗೊಂಡೆ. ಮಗಳಿಗೆ 9, ಮಗನಿಗೆ 6.

ಹೋದ ವರ್ಷ 1-11, ಅಂದರೆ ಒಂದು ಗೆಲುವು, 11 ಸೋಲು. ಈಗ ಹೊಸ ಕೋಚ್ ಬ್ಯಾರಿ ಓಡಮ್, ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಬೇರೆ ಕಾಲೇಜು ಬಿಟ್ಟು) ಬಂದ ಹುಡುಗರೇ ಐವತ್ತಕ್ಕೂ ಜಾಸ್ತಿ. ಸದ್ಯಕ್ಕೆ 2-1. ಬಾಲ್ ಸ್ಟೇಟ್ ಮೇಲೆ 31-0, ಸದರ್ನ್ ಇಲಿನಾಯ್ ಮೇಲೆ 34-17 ಗೆಲುವು, ಮೊನ್ನೆ ಶನಿವಾರ ಯುಎಸ್‌ಸಿ ಕೈಯಲ್ಲಿ 33-17 ಸೋಲು. ಮೊದಲ ಗೆಲುವಿಗೆ ನಾನು ಕುಣಿಯಲಿಲ್ಲ. 2024ರಲ್ಲೂ ಮೊದಲ ಮ್ಯಾಚ್ 49-0 ಗೆದ್ದು, ಆಮೇಲೆ ಸಾಲಾಗಿ 11 ಸೋತಿದ್ದು ನೆನಪಿದೆ.

ಆದರೂ ಟ್ಯಾಕ್ಲಿಂಗ್ ಸುಧಾರಿಸಿದೆ ಅನ್ನಿಸುತ್ತೆ. ಹೋದ ವರ್ಷ ಎದುರಾಳಿಗೆ ನಮ್ಮವರು ಬಸ್ಸಿನಲ್ಲಿ ತಳ್ಳಿದ ಹಾಗೆ ತಾಗುತ್ತಿದ್ದರು, ಅವನು ಸಾರಿ ಕೂಡ ಹೇಳದೆ ಮುಂದೆ ಓಡುತ್ತಿದ್ದ. ಈಗ ಹಿಡಿದರೆ ಬೀಳಿಸುತ್ತಾರೆ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ರಯನ್ ಬ್ರೌನ್ ನಾರ್ತ್ ಕ್ಯಾರೊಲಿನಾಗೆ ಹೋಗಿ, ಕೆಲವೇ ತಿಂಗಳಲ್ಲಿ ತವರಿಗೆ ವಾಪಸ್ ಬಂದವನು. ಟೈಮ್ ಸಿಕ್ಕರೆ ಚೆನ್ನಾಗಿ ಎಸೆಯುತ್ತಾನೆ. ಯಾರಾದರೂ ಮೈಮೇಲೆ ಬಂದರೆ ಮಾತ್ರ ದೇವರ ಮೇಲೆ ಭಾರ ಹಾಕಿ ಎಸೆಯುತ್ತಾನೆ. ಶನಿವಾರ ಹಾಗೆ ಎಸೆದಿದ್ದು ಯುಎಸ್‌ಸಿಯ ಗುಡಾಣದಂಥ ಡಿಫೆನ್ಸಿವ್ ಲೈನ್‌ಮನ್ ಕೈಗೆ ಸಿಕ್ಕಿತು. ಅವನು 70 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. ಮಗ ಬಿದ್ದು ಬಿದ್ದು ನಕ್ಕ. ನನಗೆ ಅಳು.

ಪ್ರಶ್ನೆ ಇಷ್ಟೇ. ಹೊಸದಾಗಿ ಕಟ್ಟುತ್ತಿರುವ ಟೀಮ್ ಮೇಲೇಳುತ್ತದೋ ಇಲ್ಲವೋ ಅಂತ ಎಷ್ಟು ಮ್ಯಾಚ್‌ಗೆ ಗೊತ್ತಾಗುತ್ತೆ? 2026ಕ್ಕೂ ನಾಲ್ಕು ಸೀಟು ಇಟ್ಟುಕೊಳ್ಳಲಾ, ಎರಡಕ್ಕೆ ಇಳಿಸಲಾ?

ಹಳೇ_ಬಾಯ್ಲರ್

ತಮ್ಮಾ, ನನ್ನ ಕಥೆ ಕೇಳು. 2013ರಲ್ಲಿ ಲಫಾಯೆಟ್‌ನಲ್ಲಿ ಕೆಲಸ, ಹೊಸ ಮದುವೆ, ಕೈಯಲ್ಲಿ ದುಡ್ಡು. ಹೊಸ ಕೋಚ್ ಡ್ಯಾರೆಲ್ ಹೇಝಲ್ ಬಂದರು. ಎರಡು ಸೀಟು ತಗೊಂಡೆ, 34ನೇ ಸಾಲು. ಆ ವರ್ಷ 1-11. ಆಮೇಲೆ 3-9, 2-10, 3-9. ನಾಲ್ಕು ಸೀಸನ್‌ಗೆ 9 ಗೆಲುವು, 39 ಸೋಲು. ಒಂದು ಹೋಮ್ ಮ್ಯಾಚನ್ನೂ ನಾನು ಬಿಟ್ಟಿಲ್ಲ.

2013ರ ನವೆಂಬರ್ 23, ಇಲಿನಾಯ್ ಮ್ಯಾಚ್. ಅವರು ನಮ್ಮ ಲೀಗ್ ಬಿಗ್ ಟೆನ್‌ನಲ್ಲಿ ಸಾಲಾಗಿ 20 ಮ್ಯಾಚ್ ಸೋತು ಬಂದಿದ್ದರು. ಇಪ್ಪತ್ತು! ಆ ಸರಪಳಿ ಮುರಿಯಲು ಅವರಿಗೆ ಸಿಕ್ಕಿದ್ದು ನಾವೇ. 20-16. ಅವತ್ತಿನ ಚಳಿಗೆ ಬೆಂಚಿನ ಅಲ್ಯೂಮಿನಿಯಂ ಮೇಲೆ ರಟ್ಟಿನ ಡಬ್ಬ ಹಾಸಿಕೊಂಡು ಕೂತಿದ್ದೆವು. ಬಿಸಿ ಮಾಡುವ ಪ್ಯಾಕೆಟ್ ಎಂಟು ಜೊತೆ ಖರ್ಚಾಯಿತು, ಕೈಗೆ ನಾಲ್ಕು, ಬೂಟಿಗೆ ನಾಲ್ಕು. ಹೆಂಡತಿ ಎರಡನೇ ಕ್ವಾರ್ಟರ್‌ನಲ್ಲಿ ಕಾರಿಗೆ ಹೋಗಿ ಕೂತಳು. ನಾನು ಹೋಗಲಿಲ್ಲ. ಆ ವಿಷಯ ಈಗಲೂ ವರ್ಷಕ್ಕೊಮ್ಮೆ ಊಟದ ಮಧ್ಯೆ ಬರುತ್ತೆ.

ನಾಲ್ಕು ವರ್ಷದ ಲೆಕ್ಕ ಒಂದು ಎಕ್ಸೆಲ್ ಶೀಟಿನಲ್ಲಿದೆ. ಟಿಕೆಟ್, ಪಾರ್ಕಿಂಗ್, ಪೆಟ್ರೋಲ್, ಎರಡು ಜಾಕೆಟ್, ಕಳೆದುಹೋದ ಒಂದು ಕೈಗವಸು, ಎಲ್ಲ ಸೇರಿ 5,840 ಡಾಲರ್. 2017ರಲ್ಲಿ ಸಾಕಾಯಿತು, ಸೀಟು ಬಿಟ್ಟೆ. ಬಿಟ್ಟ ವರ್ಷವೇ ಹೊಸ ಕೋಚ್ ಬ್ರಾಮ್ ಬಂದು 7-6, ಬೌಲ್ (ಸೀಸನ್ ಕೊನೆಯ ವಿಶೇಷ ಮ್ಯಾಚ್) ಗೆಲುವು. 2018ರ ಅಕ್ಟೋಬರ್ 20ಕ್ಕೆ ಒಹಾಯೊ ಸ್ಟೇಟ್ ಅನ್ನು 49-20 ಹೊಡೆದರು. ಆ ಹೊತ್ತಿಗೆ ನಾನೆಲ್ಲಿದ್ದೆ ಗೊತ್ತಾ? ನೇಪರ್‌ವಿಲ್‌ನಲ್ಲಿ ಸ್ನೇಹಿತರ ಮನೆ ದಸರಾ ಗೊಂಬೆ ನೋಡುತ್ತಿದ್ದೆ. ಕೋಸಂಬರಿ ತಟ್ಟೆ ಕೆಳಗೆ ಫೋನ್. ಜನ ಮೈದಾನಕ್ಕೆ ನುಗ್ಗುವಾಗ ಆ ಮನೆಯ ಅಜ್ಜಿ "ಯಾಕಪ್ಪ ಕಣ್ಣಲ್ಲಿ ನೀರು, ಖಾರ ಆಯ್ತಾ?" ಅಂದರು.

ಬೌಲ್ಡರ್_ಬಸವ

ಸೆಪ್ಟೆಂಬರ್ ನೋಡಿ ತೀರ್ಮಾನ ಮಾಡಬೇಡಿ ಸಾರ್. ನಾನು ಮಾಡಿದ್ದೆ.

2023, ಕೊಲರಾಡೊ. ಹಿಂದಿನ ವರ್ಷ 1-11, ನಿಮ್ಮ ಹಾಗೇ. ಕೋಚ್ ಡಿಯಾನ್ ಸ್ಯಾಂಡರ್ಸ್ ಬಂದು ಹೆಚ್ಚುಕಡಿಮೆ ಇಡೀ ಟೀಮ್ ಬದಲಾಯಿಸಿದರು. ಮೊದಲ ಮೂರು ಮ್ಯಾಚ್ ಗೆದ್ದೆವು. ಟಿಸಿಯು ಮೇಲೆ 45-42, ನೆಬ್ರಾಸ್ಕ ಮೇಲೆ 36-14, ಕೊಲರಾಡೊ ಸ್ಟೇಟ್ ಮೇಲೆ ಎರಡು ಓವರ್‌ಟೈಮ್ ಆಡಿ 43-35. ಆ ರಾತ್ರಿ ಮೈಮೇಲೆ ಏನೋ ಬಂದಿತ್ತು. ಮರುಮಾರಾಟದ ಸೈಟ್ ತೆರೆದು ಯುಎಸ್‌ಸಿ ಮ್ಯಾಚ್‌ಗೆ ಮೂರು, ಸ್ಟ್ಯಾನ್‌ಫರ್ಡ್ ಮ್ಯಾಚ್‌ಗೆ ಮೂರು ಟಿಕೆಟ್ ತಗೊಂಡೆ. ಸೈಟಿನ ಫೀಸ್ ಸೇರಿ 2,110 ಡಾಲರ್. ಹೆಂಡತಿಗೆ 900 ಅಂದೆ.

ಯುಎಸ್‌ಸಿ 48-41 ಸೋಲು, ಪರವಾಗಿಲ್ಲ, ಮ್ಯಾಚ್ ಚೆನ್ನಾಗಿತ್ತು. ಆದರೆ ಸ್ಟ್ಯಾನ್‌ಫರ್ಡ್! ಅಕ್ಟೋಬರ್ 13, ಶುಕ್ರವಾರ ರಾತ್ರಿ. ಅರ್ಧ ಆಟಕ್ಕೆ 29-0 ನಾವು ಮುಂದೆ. ಖುಷಿಗೆ 95 ಡಾಲರ್ ಕೊಟ್ಟು ಮಗಳಿಗೆ ಹೂಡಿ (ಟೋಪಿ ಇರುವ ಸ್ವೆಟರ್) ಕೊಡಿಸಿದೆ. ಅವಳು ಅದನ್ನು ಹಾಕಿಕೊಂಡು, ತೋಳಿನ ಬೆಲೆ ಚೀಟಿ ಕೂಡ ಕೀಳದೆ, ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಚೀಟಿ ನನ್ನ ಗಲ್ಲಕ್ಕೆ ಚುಚ್ಚುತ್ತಿತ್ತು. ಅದನ್ನೇ ನೋಡುತ್ತಾ ಕೂತೆ, ಯಾಕಂದರೆ ಮೈದಾನ ನೋಡಲಾಗುತ್ತಿರಲಿಲ್ಲ. ಎರಡು ಓವರ್‌ಟೈಮ್, 46-43 ಸೋಲು. ಮಧ್ಯರಾತ್ರಿ ದಾಟಿತ್ತು. ಮಗಳನ್ನು ಹೆಗಲಿಗೆ ಹಾಕಿಕೊಂಡು ಪಾರ್ಕಿಂಗ್ ತನಕ ಒಂದೂವರೆ ಮೈಲಿ ನಡೆದೆ. ಆ ಸೀಸನ್ ಕೊನೆಗೆ 4-8.

2024ರಲ್ಲಿ 9-4 ಆಯಿತು, ನಮ್ಮ ಟ್ರಾವಿಸ್ ಹಂಟರ್‌ಗೆ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಹೈಸ್‌ಮನ್ ಬಂತು. ಅದನ್ನೆಲ್ಲ ಮನೆ ಸೋಫಾ ಮೇಲೆ ನೋಡಿದೆ. ಆ ಹೂಡಿ ಈಗ ಮಗಳಿಗೆ ಚಿಕ್ಕದು.

ಬ್ಲೂಮಿಂಗ್ಟನ್_ಭಾವ

ಇಲ್ಲಿ ಎಲ್ಲರೂ ಅಳುವವರೇ ಸೇರಿದ್ದೀರಲ್ಲ. ನಾನು ಬೇರೆ ಹೇಳುತ್ತೇನೆ: ಮೂರೇ ಮ್ಯಾಚ್‌ಗೆ ಗೊತ್ತಾಗುತ್ತೆ. ಒಳ್ಳೆ ಕೋಚ್ ಬಂದರೆ ಅಷ್ಟು ಕೂಡ ಬೇಡ.

ನಾನು ಇಂಡಿಯಾನಾ ಯೂನಿವರ್ಸಿಟಿ. 2006ರಿಂದ ಸೀಟು ಇದೆ. ದೊಡ್ಡ ಟೀಮ್‌ಗಳಲ್ಲೇ ಇತಿಹಾಸದಲ್ಲಿ ಅತಿ ಹೆಚ್ಚು ಸೋತ ಟೀಮ್ ಅನ್ನೋ ಬಿರುದು ನಮ್ಮದಾಗಿತ್ತು. 2023ರಲ್ಲಿ 3-9. ಕೋಚ್ ಸಿಗ್ನೆಟ್ಟಿ ಬಂದರು, ತಮ್ಮ ಹಳೆಯ ಟೀಮ್ ಜೇಮ್ಸ್ ಮ್ಯಾಡಿಸನ್‌ನಿಂದ ತಮ್ಮ ಜೊತೆ 13 ಹುಡುಗರನ್ನು ಕರೆತಂದರು. ಮೂರನೇ ಮ್ಯಾಚ್, ಪಾಸಡೀನಾದಲ್ಲಿ ಯುಸಿಎಲ್‌ಎ ಮೇಲೆ 42-13. ಅವತ್ತೇ ಹೆಂಡತಿಗೆ ಹೇಳಿದೆ, ಡಿಸೆಂಬರ್‌ಗೆ ಊರಿಗೆ ಟಿಕೆಟ್ ಮಾಡಬೇಡ ಅಂತ. 11-2, ಡಿಸೆಂಬರ್‌ನಲ್ಲಿ ಪ್ಲೇಆಫ್ (ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್). ನಿಮ್ಮ ಮೇಲಿನ ಮ್ಯಾಚ್ ಎಷ್ಟು? 66-0 ಅಲ್ವಾ? ನಾನು ಅಲ್ಲೇ ಇದ್ದೆ. ಕೊನೆಗೆ ನಿಮ್ಮವರನ್ನು ನೋಡಿ ನನಗೇ ಪಾಪ ಅನ್ನಿಸಿತು.

ನಿಮ್ಮ ಓಡಮ್ ಕೆಟ್ಟವರಲ್ಲ. ಆದರೆ 2-1ರಲ್ಲಿ ಆ ಎರಡು ಯಾರ ಮೇಲೆ?

ಹಳೇ_ಬಾಯ್ಲರ್

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಒಂದು ವರ್ಷ ಗೆದ್ದಿದ್ದಕ್ಕೆ ಇಷ್ಟು? ಪ್ಲೇಆಫ್‌ಗೆ ನೋಟರ್ ಡೇಮ್‌ನವರ ಊರು ಸೌತ್ ಬೆಂಡ್‌ಗೆ ಹೋಗಿ ಏನು ಮಾಡಿದಿರಿ? 27-17 ಸೋಲು. ಆ 17ರಲ್ಲೂ 14 ಬಂದಿದ್ದು ಕೊನೆಯ ಎರಡು ನಿಮಿಷದಲ್ಲಿ, ಜನ ಕಾರಿಗೆ ಹೋಗುತ್ತಿದ್ದಾಗ. ಈ ವರ್ಷದ ನಿಮ್ಮ ಮೂರು ಗೆಲುವು ಯಾರ ಮೇಲೆ? ಓಲ್ಡ್ ಡೊಮಿನಿಯನ್, ಕೆನೆಸಾ ಸ್ಟೇಟ್, ಇಂಡಿಯಾನಾ ಸ್ಟೇಟ್. ನಮ್ಮ ಮೇಲೆ ಬೆರಳು ತೋರಿಸೋ ಮುಂಚೆ ತಮ್ಮ ತಟ್ಟೆ ನೋಡಿಕೊಳ್ಳಿ.

ಬ್ಲೂಮಿಂಗ್ಟನ್_ಭಾವ

ಇಂಡಿಯಾನಾ ಸ್ಟೇಟ್ ಮೇಲೆ 73-0. ಅದೇ ಟೀಮ್ ಮೇಲೆ ಹೋದ ವರ್ಷ ನಿಮ್ಮವರು 49-0 ಗೆದ್ದಿದ್ದಕ್ಕೆ ಇಡೀ ಊರು ಮಲಗಿರಲಿಲ್ಲ. ಕೈಗವಸಿನ ಲೆಕ್ಕ ಬರೆದಿಡುವವರ ಜೊತೆ ನನಗೆ ವಾದ ಬೇಡ.

ಲಿಂಕನ್_ಲಲಿತಾ

ಇಬ್ಬರೂ ಸ್ವಲ್ಪ ಸುಮ್ಮನಿರಿ. ಸೋಲು ಅಂದರೆ ಏನು ಅಂತ ನೆಬ್ರಾಸ್ಕದವರನ್ನು ಕೇಳಿ.

66-0 ಸೋಲು ಸುಲಭ. ಅರ್ಧ ಆಟಕ್ಕೇ ಎದ್ದು ಮನೆಗೆ ಬಂದು ಬಟ್ಟೆ ಒಗೆಯಬಹುದು. 2021ರಲ್ಲಿ ನಾವು 3-9. ಒಂಬತ್ತು ಸೋಲಿನಲ್ಲಿ ಒಂದೂ 9 ಪಾಯಿಂಟ್‌ಗಿಂತ ಜಾಸ್ತಿ ಇಲ್ಲ. ಪ್ರತಿ ಸಲ ಕೊನೆ ನಿಮಿಷದ ತನಕ ಜೀವ ಕೈಯಲ್ಲಿ. ನನಗೆ ಬಿಪಿ ಮಾತ್ರೆ ಶುರುವಾಗಿದ್ದು ಆ ಅಕ್ಟೋಬರ್‌ನಲ್ಲಿ. ಡಾಕ್ಟರ್ "ಮನೆಯಲ್ಲಿ ಏನಾದರೂ ಒತ್ತಡ ಇದೆಯಾ?" ಅಂತ ಕೇಳಿದಾಗ ಏನು ಹೇಳಲಿ?

2022ರಲ್ಲಿ ಮೊದಲ ಮ್ಯಾಚ್ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ಮೇಲೆ. ಶಿವಮೊಗ್ಗದಿಂದ ಬಂದಿದ್ದ ಅತ್ತೆ ಮಾವನಿಗೂ ಐರ್ಲೆಂಡ್ ವೀಸಾ ಮಾಡಿಸಿ ಕರೆದುಕೊಂಡು ಹೋದೆವು. ಐದು ಜನ, 9,300 ಡಾಲರ್, ಹೋಟೆಲ್ ಬೇರೆ. ಮೂರನೇ ಕ್ವಾರ್ಟರ್‌ನಲ್ಲಿ 28-17 ಮುಂದಿದ್ದೆವು. ಕೋಚ್ ಫ್ರಾಸ್ಟ್‌ಗೆ ಏನನ್ನಿಸಿತೋ, ಆನ್‌ಸೈಡ್ ಕಿಕ್ (ಚೆಂಡು ನಮಗೇ ವಾಪಸ್ ಸಿಗಲಿ ಅಂತ ಹತ್ತಿರಕ್ಕೇ ಒದೆಯುವುದು) ಮಾಡಿಸಿದರು! ಚೆಂಡು ಅವರ ಕೈಗೆ. 31-28 ಸೋಲು. ಮಾವನಿಗೆ ಆಟ ಒಂಚೂರೂ ಗೊತ್ತಿಲ್ಲ, ಅವರೇ ಕೇಳಿದರು: "ಗೆಲ್ತಿದ್ದವರು ಚೆಂಡು ಯಾಕಮ್ಮ ಬಿಟ್ಟುಕೊಟ್ಟರು?" ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಎರಡು ವಾರಕ್ಕೆ ಜಾರ್ಜಿಯಾ ಸದರ್ನ್ ಕೈಯಲ್ಲಿ 45-42 ಸೋಲು, ಮರುದಿನ ಕೋಚ್ ಮನೆಗೆ.

ಆದರೂ ಸೀಟು ಬಿಟ್ಟಿಲ್ಲ. ಆಮೇಲೆ ಬಂದ ಕೋಚ್ ಮ್ಯಾಟ್ ರೂಲ್ ಮೊದಲ ವರ್ಷ 5-7, ಎರಡನೇ ವರ್ಷ 7-6. ಇಲ್ಲಿ 1962ರಿಂದ ಪ್ರತಿ ಹೋಮ್ ಮ್ಯಾಚ್ ಸೋಲ್ಡ್ ಔಟ್. ನಾವು ಬಿಟ್ಟರೆ ಹಿಡಿಯಲು ನೂರು ಜನ.

ಬೌಲ್ಡರ್_ಬಸವ

ಲಲಿತಕ್ಕ, ಆ ಸೋಲ್ಡ್ ಔಟ್ ಕಥೆ ಬಿಡಿ. ಉಳಿದ ಟಿಕೆಟ್‌ಗಳನ್ನು ದಾನಿಗಳು ಕೊಂಡು ಲೆಕ್ಕ ಸರಿಮಾಡಿದ್ದು ಪೇಪರಿನಲ್ಲೇ ಬಂದಿತ್ತು.

ಲಿಂಕನ್_ಲಲಿತಾ

ದಾನಿಗಳು ಕೊಂಡು ಬಡ ಮಕ್ಕಳಿಗೆ ಕೊಟ್ಟರು. ಅದರಲ್ಲಿ ನಿಮಗೇನು ತೊಂದರೆ ಬಸವ? ಹೆಂಡತಿಗೆ 900 ಅಂತ ಸುಳ್ಳು ಹೇಳಿದವರು ಲೆಕ್ಕದ ಪಾಠ ಮಾಡಬೇಡಿ.

ರಾಯಲ್_ರಾಮನಗರ

ನನಗೆ ಈ ಆಟ ಅಷ್ಟಾಗಿ ಗೊತ್ತಿಲ್ಲ. ಆದರೆ ನಾವು ಆರ್‌ಸಿಬಿಗೆ 18 ವರ್ಷ ಕಾದವರು. ಮೂರು ಮ್ಯಾಚ್‌ಗೆ ಸುಸ್ತಾದರೆ ಹೇಗೆ ಬ್ರೋ? ಈ ಸಲ ಕಪ್ ನಮ್ದೆ ಅನ್ನಿ, ರಿನ್ಯೂ ಮಾಡಿ.

ಹಳೇ_ಬಾಯ್ಲರ್

ನೀವು ಟಿವಿ ಮುಂದೆ ಕಾಲು ಚಾಚಿ ಕಾದಿರಿ. ನಾನು ಐಸ್ ಮೇಲೆ ಕೂತು ಕಾದೆ. ಹೋಲಿಕೆ ಬೇಡ.

ರಾಯಲ್_ರಾಮನಗರ

ಚಿನ್ನಸ್ವಾಮಿ ಟಿಕೆಟ್‌ಗೆ ಬೆಳಗಿನ ಜಾವ ಕ್ಯೂ ನಿಂತವನು ನಾನು. ಗೊತ್ತಿಲ್ಲದೆ ಮಾತಾಡಬೇಡಿ. ನಾಲ್ಕು ವರ್ಷಕ್ಕೆ ಬಿಟ್ಟು ಓಡಿಹೋದವರು ಫ್ಯಾನ್ ಬಗ್ಗೆ ಹೇಳುತ್ತಾರೆ!

ಲಿಂಕನ್_ಲಲಿತಾ

ಜೂನ್ 4ಕ್ಕೆ ಚಿನ್ನಸ್ವಾಮಿ ಹೊರಗೆ 11 ಜನ ತೀರಿಕೊಂಡ ಮೇಲೆ ಆ ಕಪ್ಪಿನ ಮಾತನ್ನು ತಮಾಷೆಗೆ ಎಳೆಯಲು ನನಗೆ ಮನಸ್ಸು ಬರಲ್ಲ. ದಯವಿಟ್ಟು ಅದು ಇಲ್ಲಿ ಬೇಡ.

ಡ್ರಮ್ಮು_ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕಾ ಎರಡಾ ಅಂತ ಯಾರೂ ಹೇಳಲಿಲ್ಲ, ಪರವಾಗಿಲ್ಲ.

ಒಂದು ವಿಷಯ ಬರೆಯಲು ಮರೆತಿದ್ದೆ. ಯುಎಸ್‌ಸಿ ಮ್ಯಾಚ್ ಸಿಡಿಲಿನ ಕಾರಣಕ್ಕೆ ಮೂರು ಗಂಟೆಗೂ ಜಾಸ್ತಿ ತಡವಾಗಿ ಶುರುವಾಯಿತು. ನಾವು ಕಾರಿನಲ್ಲಿ ಕೂತಿದ್ದೆವು. ಗಾಜು ಪೂರ್ತಿ ಮಂಜು. ಮಧ್ಯಾಹ್ನಕ್ಕೆ ತಂದಿದ್ದ ಪುಳಿಯೋಗರೆ ಎರಡು ಸಲ ಊಟವಾಗಿ ಮುಗಿಯಿತು, ಡಬ್ಬದ ಮೂಲೆಯ ಕಡಲೆಬೀಜಕ್ಕೆ ಮಕ್ಕಳ ಜಗಳ. ಮಗಳು ಮಂಜಿನ ಮೇಲೆ ಬೆರಳಲ್ಲಿ ಮೈದಾನ ಬರೆದು ತಮ್ಮನಿಗೆ ಫಸ್ಟ್ ಡೌನ್ ಅಂದರೇನು ಅಂತ ಹೇಳಿಕೊಡುತ್ತಿದ್ದಳು. ಅರ್ಧ ತಪ್ಪು. ನಾನು ತಿದ್ದಲಿಲ್ಲ. "ಮನೆಗೆ ಹೋಗೋಣ" ಅಂತ ಇಬ್ಬರೂ ಒಂದು ಸಲವೂ ಅನ್ನಲಿಲ್ಲ. ಹೆಂಡತಿ ಅಂದಳು, ಆರು ಸಲ, ನಾನೇ ಎಣಿಸಿದೆ.

ಈ ಶನಿವಾರ ನೋಟರ್ ಡೇಮ್, ಅವರ ಊರಿನಲ್ಲಿ. ಅವರು 0-2 ಆಗಿ ಸಿಟ್ಟಿನಲ್ಲಿದ್ದಾರೆ. ಹೋದ ವರ್ಷ ನಮ್ಮಲ್ಲೇ ಬಂದು 66-7 ಹೊಡೆದು ಹೋದವರು. ಈ ಸಲ 30 ಪಾಯಿಂಟ್ ಒಳಗೆ ಸೋತರೂ ನನ್ನ ಲೆಕ್ಕದಲ್ಲಿ ಸುಧಾರಣೆಯೇ.

ಬೌಲ್ಡರ್_ಬಸವ

ಪುಳಿಯೋಗರೆಗೆ ಗೊಜ್ಜು ಮನೆಯದಾ, ಅಂಗಡಿಯದಾ? ಇಲ್ಲಿ ಸಿಗೋದೆಲ್ಲ ಬರೀ ಉಪ್ಪು.

ಹಳೇ_ಬಾಯ್ಲರ್

ಎರಡಕ್ಕೆ ಇಳಿಸು ತಮ್ಮಾ. ದುಡ್ಡು ಸುಮ್ನೆ ಬರಲ್ಲ. ಅಂದ ಹಾಗೆ ನವೆಂಬರ್ 8ಕ್ಕೆ ಒಹಾಯೊ ಸ್ಟೇಟ್ ನಮ್ಮಲ್ಲಿಗೆ ಬರುತ್ತೆ. ನಿಮಗೆ ಹೋಗಲು ಆಗದಿದ್ದರೆ ಬೇರೆಯವರಿಗೆ ಮಾರುವ ಮುಂಚೆ ನನಗೊಂದು ಮೆಸೇಜ್ ಹಾಕು. ಎರಡು ಸಾಕು. ಸಾಲು ಯಾವುದಾದರೂ ಸರಿ.

ಬ್ಲೂಮಿಂಗ್ಟನ್_ಭಾವ

ನವೆಂಬರ್ 28ರ ನಮ್ಮ ಮ್ಯಾಚ್‌ಗೆ ನಾಲ್ಕೂ ನಾನು ತಗೋತೀನಿ. ಬೆಲೆ ನೀವೇ ಹೇಳಿ.

ಡ್ರಮ್ಮು_ತುಮಕೂರು

ನಿಮಗೆ ಕೊಡಲ್ಲ ಭಾವ.

ಬಸವ ಅವರೇ, ಗೊಜ್ಜು ಅಮ್ಮ ಕಳಿಸಿದ್ದು.