‘ಗುರುತು ಹಾಕು’, ‘ಗುರುತು ಹಚ್ಚು’ ಮತ್ತು ಡಿಎನ್‌ಎ ಪ್ರೋಬ್

ಗೆಳೆಯರೇ,

ಪಿಯುಸಿ ಮಕ್ಕಳಿಗೆ ಜೀನ್ ಪತ್ತೆಯ ಬಗ್ಗೆ ಬರೆಯುತ್ತಾ ಎರಡು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ: ಪ್ರೋಬ್, ಲೇಬಲ್.

ನಾವು ಹುಡುಕುವ ಜೀನ್‌ಗೆ ಸರಿಯಾಗಿ ಜೋಡಿಯಾಗಿ ಕೂರುವ ಡಿಎನ್‌ಎ ಎಳೆಯ ತುಂಡೇ ಪ್ರೋಬ್. ಅದು ಹೋಗಿ ಎಲ್ಲಿ ಕೂತಿತು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಲೇಬಲ್ ಬೇಕು.

ಪ್ರೋಬ್‌ಗೆ ಮೊದಲು ‘ಶೋಧಕ’ ಅಂತ ಬರೆದೆ. ಓದಿದ ಅಕ್ಕ, “ಇದರಲ್ಲಿ ಏನನ್ನ ಸೋಸ್ತಾರೆ?” ಅಂದಳು. ಅವಳದೇನು ತಪ್ಪು? ನೀರು ಶೋಧಿಸುವುದು ಅಂದರೆ ಸೋಸುವುದೇ ಅಲ್ವಾ? ಸದ್ಯಕ್ಕೆ ‘ಹುಡುಕೆಳೆ’ ಅಂತ ಮಾಡಿಕೊಂಡಿದ್ದೇನೆ.

ಲೇಬಲ್‌ನದು ಜಾಸ್ತಿ ತೊಡಕು. ‘ಗುರುತು’ ಅಂದುಕೊಂಡರೆ, “ಗುರುತು ಹಾಕಿದ ಎಳೆಯಿಂದ ಜೀನ್‌ನ ಗುರುತು ಹಚ್ಚುವುದು” ಅಂತ ಬರೆಯಬೇಕಾಗುತ್ತದೆ. ಹಾಕುವುದು ಬೇರೆ, ಹಚ್ಚುವುದು ಬೇರೆ, ಸರಿ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗ ಅಲ್ಲಿ ಮುಗ್ಗರಿಸದೆ ಇರುತ್ತಾನಾ? ‘ಅಂಟುಚೀಟಿ’ ಅಂದರೆ ಉಪ್ಪಿನಕಾಯಿ ಬಾಟಲಿ ನೆನಪಾಗುತ್ತದೆ.

ಆಮೇಲೆ ಹೊಳೆದದ್ದು ‘ಬಿಲ್ಲೆ’. ನಾಯಿಯ ಕೊರಳಲ್ಲಿರುವ ಬಿಲ್ಲೆ, ಜವಾನರ ಎದೆಯ ಮೇಲಿನ ಬಿಲ್ಲೆ. 1981ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡೇವಿಡ್ ವಾರ್ಡ್ ಮತ್ತು ಜೊತೆಗಾರರು ತೋರಿಸಿದ ದಾರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಅವರು ಯುರಾಸಿಲ್‌ನ (ಎಳೆ ಕಟ್ಟುವಾಗ ಥೈಮಿನ್ ಬದಲು ಕೂರಿಸಬಹುದಾದ ಬೇಸ್) 5ನೇ ಇಂಗಾಲಕ್ಕೆ ಒಂದು ಕೊಂಡಿ ಹಾಕಿ ಬಯೋಟಿನ್ ಅನ್ನುವ ವಿಟಮಿನ್ ನೇತುಹಾಕಿದರು. ಅದು ಇನ್ನೊಂದು ಎಳೆಯ ಜೊತೆ ಕೈಹಿಡಿಯುವ ಬದಿಯಲ್ಲ, ಹೊರಗಿನ ಬದಿ. ಹಾಗಾಗಿ ಜೋಡಿಯಾಗಲು ಅಡ್ಡಿಯಿಲ್ಲ. ಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಅನ್ನುವ ಪ್ರೋಟೀನ್ ಬಯೋಟಿನ್ ಕಂಡರೆ ಬಿಡುವುದೇ ಇಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಅವಿಡಿನ್‌ಗೆ ಹೊಳೆಯುವ ಬಣ್ಣವನ್ನೋ ಕಿಣ್ವವನ್ನೋ ಕಟ್ಟಿ ಕಳಿಸಿದರೆ ಎಳೆ ಕೂತ ಜಾಗ ಗೊತ್ತಾಗುತ್ತದೆ. ನಿಜವಾಗಿಯೂ ಬಿಲ್ಲೆಯೇ!

ಆದರೆ ಅದಕ್ಕೂ ಮುಂಚಿನಿಂದ ಬಳಕೆಯಲ್ಲಿದ್ದ ರಂಜಕ-32ಕ್ಕೆ ಈ ಪದ ಕೂರುವುದಿಲ್ಲ. ಇದು ವಿಕಿರಣ ಸೂಸುವ ರಂಜಕ, ಸುಮಾರು 14 ದಿನಕ್ಕೆ ಅರ್ಧದಷ್ಟು ಕಳೆದುಹೋಗುತ್ತದೆ. ಇಲ್ಲಿ ನೇತುಹಾಕುವುದು ಏನೂ ಇಲ್ಲ. ಎಳೆಯ ಬೆನ್ನೆಲುಬಿನಲ್ಲಿ ಹೇಗೂ ರಂಜಕ ಇರುತ್ತದೆ, ಅದರ ಜಾಗದಲ್ಲಿ ಈ ರಂಜಕ ಕೂರುತ್ತದೆ ಅಷ್ಟೇ. ಕುರಿಗೆ ಬಣ್ಣ ಬಳಿದ ಹಾಗಲ್ಲ, ಬಣ್ಣದ ಕುರಿಯೇ ಹುಟ್ಟಿದ ಹಾಗೆ.

ಎರಡಕ್ಕೂ ಒಪ್ಪುವ ಪದ ಕುರುಬರ, ನೇಕಾರರ ಮಾತಿನಲ್ಲಿ ಏನಾದರೂ ಇದೆಯಾ? ಸಿಗದಿದ್ದರೆ ಬಯೋಟಿನ್‌ಗೆ ‘ಬಿಲ್ಲೆ’, ರಂಜಕಕ್ಕೆ ಸುಮ್ನೆ ‘ಗುರುತು’ ಅಂತ ಇಟ್ಟುಕೊಳ್ಳುತ್ತೇನೆ. ‘ಹುಡುಕೆಳೆ’ ಕಿವಿಗೆ ಹೇಗಿದೆ ಅಂತಲೂ ಹೇಳಿ.