ಬೇವುಬೆಲ್ಲ, ಇಫ್ತಾರ್ ಒಂದೇ ಸಂಜೆ: ಮಾಡಿದವರ ಅನುಭವ

ಕೇಳಿದ್ದು: 2026ರ ಮಾರ್ಚ್ 19ರ ಯುಗಾದಿ ರಂಜಾನ್ ತಿಂಗಳಲ್ಲೇ ಬರುತ್ತೆ. ತುಮಕೂರಿನ ನಮ್ಮ ಬೀದಿಯಲ್ಲಿ ಎರಡನ್ನೂ ಸೇರಿ ಆಚರಿಸೋಣ ಅಂತಿದ್ದೀವಿ. ಮಾಡಿದವರು ಇದ್ರೆ ಏನೇನು ನೋಡ್ಕೋಬೇಕು ಹೇಳಿ.

ತುಮಕೂರಿನಿಂದ:
ಅಕ್ಕ, ನಾವು ಎರಡು ವರ್ಷ ಮಾಡಿದ್ದೀವಿ. ಮೊದಲು ಹೊತ್ತು ನೋಡ್ಕೊಳ್ಳಿ. 2024ರ ಯುಗಾದಿಗೆ ಸಂಜೆ ಐದಕ್ಕೇ ಬೇವುಬೆಲ್ಲ ಹಂಚಿಬಿಟ್ವಿ. ಎದುರುಮನೆಯವರೆಲ್ಲ ಉಪವಾಸ. ಬೇಡ ಅನ್ನದೆ ಕಾಗದದಲ್ಲಿ ಕಟ್ಟಿಕೊಂಡು, ಆಜಾನ್ ಆಗೋವರೆಗೂ ಕೈಯಲ್ಲೇ ಹಿಡಿದು ಕೂತಿದ್ರು. ನೆನೆಸಿಕೊಂಡ್ರೆ ಈಗಲೂ ಸಂಕಟ ಆಗುತ್ತೆ.

2025ರ ಮಾರ್ಚ್ 30ಕ್ಕೆ ತಟ್ಟೆಯಲ್ಲಿ ಖರ್ಜೂರದ ಪಕ್ಕದಲ್ಲೇ ಬೇವುಬೆಲ್ಲ ಇಟ್ವಿ. ಆರೂವರೆ ಸುಮಾರಿಗೆ ಹೊತ್ತು ಮುಳುಗಿದ ಮೇಲೆ ಎಲ್ಲರೂ ಒಟ್ಟಿಗೇ ಬಾಯಿಗೆ ಹಾಕಿಕೊಂಡ್ವಿ. ಅವರು ನಮಾಜು ಮುಗಿಸಿ ಬರೋವರೆಗೂ ಒಬ್ಬಟ್ಟು ಬಡಿಸಲಿಲ್ಲ. ಆಮೇಲೆ ಎಲ್ಲರೂ ಮಹಡಿ ಹತ್ತಿದ್ವಿ. ಯುಗಾದಿ ಚಂದ್ರನ್ನ ನೋಡೋದು ನಮ್ಮ ಪದ್ಧತಿ, ಹಬ್ಬದ ಚಂದ್ರನಿಗೆ ಕಾಯೋದು ಅವರದು. ಪಡುವಣಕ್ಕೆ ಎಳೆಯಷ್ಟು ಚಂದ್ರ. ಅಜ್ಜಿ ಕೈಮುಗಿಯೋ ಹೊತ್ತಿಗೆ ಪಕ್ಕದ ಹುಡುಗರು "ನಾಳೆನೇ ಹಬ್ಬ!" ಅಂತ ಕುಣಿದ್ರು.

ಮಾರನೇ ದಿನ ಸೋಮವಾರ. ನಮಗೆ ಹೊಸತೊಡಕು, ಆದ್ರೆ ಸೋಮವಾರ ನಾವು ಮಾಂಸ ಮುಟ್ಟಲ್ಲ. ಅವರು ಅದನ್ನ ಮೊದಲೇ ಕೇಳಿ ತಿಳಿದು ಶೀರ್ ಕುರ್ಮಾ ಅನ್ನೋ ಹಾಲು-ಶಾವಿಗೆ ಪಾಯಸ ಮಾತ್ರ ಕಳಿಸಿದ್ರು. ಮಂಗಳವಾರದ ಬಾಡೂಟಕ್ಕೆ ನಾವು ಹಲಾಲ್ ಅಂಗಡಿಯಿಂದಲೇ ಮಾಂಸ ತಂದು ಅವರನ್ನ ಕರೆದ್ವಿ.

ಕೋಲಾರದಿಂದ:
ವೇದಿಕೆ, ಭಾಷಣ ಬೇಡ. ಅವರ ಕೈಲಿ ಆರತಿ ಎತ್ತಿಸೋದು, ನಮ್ಮವರಿಗೆ ಟೋಪಿ ಹಾಕಿಸಿ ಫೋಟೊ ತೆಗೆಯೋದು ಅಂತೂ ಬೇಡವೇ ಬೇಡ. ಪೂಜೆ, ನಮಾಜು ಅವರವರ ಪಾಡಿಗೆ ಇರಲಿ, ಊಟ ಒಟ್ಟಿಗೆ ಆಗಲಿ.

ಚಿಂತಾಮಣಿಯಿಂದ:
ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳೋ ಸೀಮೆ ನಮ್ಮದು. ಆದ್ರೂ ಇಂಥ ಊಟವನ್ನ ನಾನು ಮೊದಲು ಕಂಡಿದ್ದು 2007ರಲ್ಲಿ, ಅಮೆರಿಕದಲ್ಲಿ ಕೆಲಸಕ್ಕಿದ್ದಾಗ. ಆ ವರ್ಷ ಯಹೂದಿಗಳ ಹೊಸ ವರ್ಷ ರೋಶ್ ಹಶಾನಾ, ರಂಜಾನಿನ ಮೊದಲ ಉಪವಾಸ ಎರಡೂ ಸೆಪ್ಟೆಂಬರ್ 13ಕ್ಕೆ ಬಿದ್ದಿದ್ವು. ಅವರು ಹೊಸ ವರ್ಷಕ್ಕೆ ಸೇಬನ್ನ ಜೇನಲ್ಲಿ ಅದ್ದಿ ತಿಂತಾರೆ. ಹಾಲು, ಮಾಂಸ ಬೆರೆಸಿ ಉಣ್ಣಲ್ಲ. ಯಾರಿಗೂ ಇರುಸುಮುರುಸು ಆಗಬಾರದು ಅಂತ ಖರ್ಜೂರ, ಸೇಬು, ಜೇನು ಇಷ್ಟೇ ಇಟ್ಟಿದ್ರು. ನನಗೆ ನಮ್ಮ ಬೇವುಬೆಲ್ಲ ನೆನಪಾಗಿ ಗಂಟಲು ಕಟ್ಟಿತು.

ಇನ್ನೊಂದು ಮಾತು. ಯಹೂದಿ ಪಂಚಾಂಗಕ್ಕೂ ನಮ್ಮ ಹಾಗೆ ಅಧಿಕ ಮಾಸ ಉಂಟು, 19 ವರ್ಷಕ್ಕೆ ಏಳು ಸಲ. ಮುಸ್ಲಿಮರ ಹಿಜರಿ ಪಂಚಾಂಗಕ್ಕೆ ಇಲ್ಲ. ಅದಕ್ಕೇ ರಂಜಾನ್ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತೆ. 2026ರಲ್ಲಿ ನಮಗೆ ಅಧಿಕ ಮಾಸ, ಹಾಗಾಗಿ 2027ರ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತೆ. ಅಷ್ಟರಲ್ಲಿ ರಂಜಾನ್ ಮುಗಿದು ಹೆಚ್ಚುಕಮ್ಮಿ ತಿಂಗಳಾಗಿರುತ್ತೆ. ಮತ್ತೆ ಎರಡೂ ಹೀಗೆ ಕೂಡೋಕೆ ಸುಮಾರು ಮೂವತ್ತು ವರ್ಷ ಬೇಕು. ಈ ಸಲ ಮಾತ್ರ ಬಿಡಬೇಡಿ ಅಕ್ಕ.